ಎರಡನೆಯ ಆಟಗಾರನ ಚಕ್ರ

ಪಿನ್‌ಬಾಲ್ ಯಂತ್ರ ರಿಪೇರಿ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಇನ್‌ಬಾಕ್ಸಿನಲ್ಲಿ ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಚೆನ್ನೈಯಲ್ಲಿ ಹೊಸದಾಗಿ ತೆರೆಯುವ ಕಾಫಿ ಅಂಗಡಿಗಳಿಗೆಲ್ಲ ಮೂಲೆಯಲ್ಲೊಂದು ಹಳೆಯ ಯಂತ್ರ ಬೇಕಂತೆ. ಫೋಟೋ ಚೆನ್ನಾಗಿ ಬರುತ್ತದಂತೆ. ಒಳ್ಳೆಯದೇ, ನಿಮಗೆ ಕೆಲಸ ಸಿಗುತ್ತದೆ. ಆದರೆ ಚಿತ್ರ ಬಿಡಿಸಿ ಪಾಠ ಹೇಳುವ ತಾಳ್ಮೆ ನನಗಿಲ್ಲ. ನಾನು ಹೇಳಬಲ್ಲದ್ದು ನಾನು ಮಾಡಿದ ತಪ್ಪುಗಳನ್ನು ಮಾತ್ರ. ಅವುಗಳಲ್ಲಿ ಒಂದರಿಂದ ಅಣ್ಣ ತಮ್ಮ ಇಬ್ಬರು ಹನ್ನೆರಡು ವರ್ಷ ಮಾತು ಬಿಟ್ಟಿದ್ದರು. ಅದು ನನ್ನ ಕೈಯ ತಪ್ಪು ಎಂದು ನನಗೆ ಗೊತ್ತಾದದ್ದು ಈ ವರ್ಷ, ಚೀಲ ಮಡಚಿ ಮನೆಯಲ್ಲಿ ಕೂತ ಮೇಲೆ. ಅಂದಿನಿಂದ ನನಗೆ ಸರಿಯಾಗಿ ಕೂರಲು ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಂತ್ರ ನೋಡದವರಿಗೆ ಒಂದು ಮಾತು. ಗಾಜಿನ ಕೆಳಗೆ ಇಳಿಜಾರು ಹಲಗೆ, ಅದರ ಮೇಲೆ ಉಕ್ಕಿನ ಗುಂಡು. ಗುಂಡು ಜಾರಿ ಕೆಳಗಿನ ತೂತಿಗೆ ಬೀಳದಂತೆ ಗುಂಡಿ ಒತ್ತಿದರೆ ಬಡಿಯುವ ಎರಡು ಪುಟ್ಟ ಕೋಲುಗಳಿಂದ, ಅಂದರೆ ಫ್ಲಿಪ್ಪರ್‌ಗಳಿಂದ, ಹೊಡೆಯುತ್ತ ಇರಬೇಕು. ಗುಂಡು ಅಲ್ಲಿ ಇಲ್ಲಿ ತಾಗಿದ ಹಾಗೆ ಎದುರಿನ ಪೆಟ್ಟಿಗೆಯಲ್ಲಿ ಅಂಕ ಏರುತ್ತದೆ. ನನ್ನ ಕಾಲದ ಯಂತ್ರಗಳಲ್ಲಿ ಅಂಕ ತೋರಿಸುತ್ತಿದ್ದದ್ದು ಪರದೆಯಲ್ಲ, ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಬರೆದ ಚಕ್ರಗಳು. ಹತ್ತಕ್ಕೆ ಒಂದು ಗಂಟೆ, ನೂರಕ್ಕೆ ಇನ್ನೊಂದು ದಪ್ಪ ಸ್ವರದ ಗಂಟೆ. ಕಣ್ಣು ಮುಚ್ಚಿದರೂ ಆಟ ಹೇಗೆ ಹೋಗುತ್ತಿದೆ ಎಂದು ಗೊತ್ತಾಗುತ್ತಿತ್ತು.

ನಾನು ಉಡುಪಿ ಕಡೆಯವನು. ಮಾವ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದದ್ದು ಹೋಟೆಲಿನಲ್ಲಿ ಸಪ್ಲೈ ಮಾಡಲಿಕ್ಕೆ. ನಾನು ಸಾಂಬಾರಿನ ಬಕೆಟ್ ಹಿಡಿದು ಗ್ರೈಂಡರಿನ ಮೋಟಾರು ನೋಡುತ್ತ ನಿಂತುಬಿಡುತ್ತಿದ್ದೆ. ಎರಡು ತಿಂಗಳಿಗೆ ಮಾವನೇ ಬೇಸತ್ತು, ಬೀಚಿನ ಹತ್ತಿರ ಆಟದ ಯಂತ್ರ ಇಟ್ಟಿದ್ದ ಪರಿಚಯದವರೊಬ್ಬರಿಗೆ ನನ್ನನ್ನು ದಾಟಿಸಿದ. ಯಂತ್ರಗಳೆಲ್ಲ ಸಿಂಗಾಪುರದಿಂದ ಹಡಗಿನಲ್ಲಿ ಬಂದ ಹಳೇ ಮಾಲು. ಅವನ್ನು ನೋಡಿಕೊಳ್ಳುತ್ತಿದ್ದವರು ಆರೋಕ್ಯಂ ಮಾಸ್ಟರ್. ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಲೇ ತಿದ್ದುತ್ತಿದ್ದವರು.

ಮಾಸ್ಟರಿಗೆ ಒಂದೇ ನಿಯಮ. ಯಂತ್ರದ ಮುಂದೆ ಹತ್ತು ನಿಮಿಷ ಕೈಕಟ್ಟಿ ನಿಲ್ಲಬೇಕು. ನಾನು ಸ್ಕ್ರೂಡ್ರೈವರಿಗೆ ಕೈ ಹಾಕಿದರೆ ಮಣಿಕಟ್ಟಿಗೆ ಒಂದು ಏಟು.

"ಡೇಯ್ ದಿನಕರ್, ಮೊದಲ್ಲ ಕೇಳು, ಅಪ್ಪುರಂ ತೊಡು."

ಮೊದಲು ಕೇಳು, ಆಮೇಲೆ ಮುಟ್ಟು. ನನಗೆ ಹತ್ತು ನಿಮಿಷ ಒಂದೇ ಕಡೆ ನಿಲ್ಲುವುದೆಂದರೆ ಮೈಯೆಲ್ಲ ಇರುವೆ ಹರಿದ ಹಾಗೆ. ಆಗಲೂ, ಈಗಲೂ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅದರ ಫಲ ಸಿಕ್ಕಿತು. ಭಾನುವಾರ, ಜನವೋ ಜನ. ಗುಂಡನ್ನು ಹೊರಗೆ ತೆಗೆಯದೆಯೇ ಹಲಗೆ ಎತ್ತಿದೆ. ಗುಂಡು ಉರುಳಿ ಪೆಟ್ಟಿಗೆಯೊಳಗೆ ಟ್ರಾನ್ಸ್‌ಫಾರ್ಮರಿನ ಮೇಲೆ ಬಿತ್ತು. ಒಂದು ನೀಲಿ ಬೆಳಕು, ಒಂದು ಸದ್ದು, ಇಡೀ ಅಂಗಡಿ ಕತ್ತಲು. ಜನ ಕೂಗುತ್ತಿದ್ದಾರೆ, ಯಜಮಾನರು ಅದಕ್ಕಿಂತ ಜೋರಾಗಿ ಕೂಗುತ್ತಿದ್ದಾರೆ. ಮಾಸ್ಟರ್ ಮಾತ್ರ ನಿಧಾನಕ್ಕೆ ಟಾರ್ಚ್ ಹಾಕಿ ಗುಂಡು ಹುಡುಕಿ, ಇನ್ನೂ ಬಿಸಿಯಿದ್ದ ಅದನ್ನು ನನ್ನ ಅಂಗೈಯಲ್ಲಿಟ್ಟರು. "ಇಂದಾ, ವೆಚ್ಚುಕ್ಕೋ." ತಗೋ, ಇಟ್ಟುಕೋ. ಸುಟ್ಟ ಕಲೆಯಿರುವ ಆ ಗುಂಡು ಕೊನೆಯವರೆಗೂ ನನ್ನ ಚೀಲದಲ್ಲಿತ್ತು. ಹಲಗೆ ಎತ್ತುವ ಮೊದಲು ಗುಂಡು ಹೊರಗೆ. ಇದನ್ನು ನಿಮಗೆ ಯಾವ ವಿಡಿಯೋದಲ್ಲೂ ಮೊದಲು ಹೇಳುವುದಿಲ್ಲ.

ಇನ್ನೊಂದು ಸಲ ಮೈಲಾಪೂರಿನಲ್ಲಿ ಒಬ್ಬ ಡಾಕ್ಟರರ ಫ್ಲಾಟ್. ಆಟದ ನಡುವೆ ಯಂತ್ರ ತಾನಾಗಿ ನಿಂತುಬಿಡುತ್ತದೆ, ಮನೆಯಲ್ಲಿ ಏನೋ ಇದೆ ಎಂದು ಡಾಕ್ಟರರ ಅತ್ತೆ ನಿಂಬೆಹಣ್ಣು ಕಟ್ಟಿಸಿದ್ದರು. ಯಂತ್ರದೊಳಗೆ ಒಂದು ಬಳೆ, ಅದರ ನಡುವೆ ತೂಗುವ ಗುಂಡು ಇರುತ್ತದೆ. ಆಟಗಾರ ಯಂತ್ರವನ್ನು ಅಲುಗಾಡಿಸಿ ಮೋಸ ಮಾಡಿದರೆ ಗುಂಡು ಬಳೆಗೆ ತಾಗಿ ಆಟ ಬಂದ್. ಅಲ್ಲಿ ಯಾರೂ ಅಲುಗಾಡಿಸುತ್ತಿರಲಿಲ್ಲ. ಮೂರು ಲೋಟ ಕಾಫಿ ಕುಡಿದು ಮುಗಿಸುವಾಗ ಹೊಳೆಯಿತು. ಕಿಟಕಿಯಾಚೆ ಎಂಆರ್‌ಟಿಎಸ್ ರೈಲು ಹೋದಾಗಲೆಲ್ಲ ಕಟ್ಟಡ ಒಂಚೂರು ನಡುಗುತ್ತಿತ್ತು. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ನಾಲ್ಕು ಕಾಲಿನ ಕೆಳಗೂ ಕೊಟ್ಟೆ. ದೆವ್ವ ಹೋಯಿತು. ನಿಂಬೆಹಣ್ಣಿನಿಂದಲೇ ಹೋಯಿತು ಎಂದು ಅತ್ತೆ ಈಗಲೂ ಹೇಳುತ್ತಾರಂತೆ.

ಬೆಸೆಂಟ್ ನಗರದ ಸಮುದ್ರದ ಗಾಳಿ ಬೇರೆಯೇ ಕತೆ. ಇವತ್ತು ಒರೆಸಿದ ತಾಮ್ರಕ್ಕೆ ಮುಂದಿನ ತಿಂಗಳು ಹಸಿರು. ಆಮೇಲೆ ಚಕ್ರ, ರಿಲೇಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಬೋರ್ಡುಗಳು ಬಂದವು. ಕೆಟ್ಟರೆ ಬೋರ್ಡು ತೆಗೆ, ಬೇರೆ ಹಾಕು. ಬೈಯುವುದಿಲ್ಲ, ಕಾಲ ಹಾಗೆ. ಆದರೆ ಬೋರ್ಡು ಬದಲಿಸುವವನಿಗೆ ಎಲ್ಲಿ ಕೆಟ್ಟಿತ್ತು ಎಂದು ಕೊನೆಗೂ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಅವನಿಗೆ ಹೇಗೆ ಊಟ ಸೇರುತ್ತದೋ ನನಗೆ ತಿಳಿಯದು.

ಎರಡು ವರ್ಷದ ಹಿಂದೆ ನನ್ನ ಬಲಗೈ ಬೆರಳು ನಡುಗಲು ಶುರುವಾಯಿತು. ವಯಸ್ಸು ಐವತ್ತನಾಲ್ಕಷ್ಟೇ. ಒಂದು ಸಣ್ಣ ಸ್ಕ್ರೂ ಒಳಗೆ ಬೀಳಿಸಿ, ಅದನ್ನು ಹುಡುಕಲು ಒಂದು ಗಂಟೆ ತೆಗೆದುಕೊಂಡ ದಿನ ಚೀಲದ ಜಿಪ್ ಎಳೆದೆ. ಆಮೇಲೆ ಮನೆಯಲ್ಲಿ ಮಿಕ್ಸಿ, ಫ್ಯಾನು, ಪಕ್ಕದ ಮನೆಯ ಗೇಟು, ಏನು ಸದ್ದು ಮಾಡಿದರೂ ಎದ್ದು ಹೋಗಿ ಕಿವಿ ಕೊಡುವುದು.

"ಒಂದು ಕಡೆ ಕೂತ್ಕೊಳ್ಳಿ ಮಾರಾಯ್ರೆ," ಎನ್ನುತ್ತಾಳೆ ಹೆಂಡತಿ. "ನೀವು ಹೀಗೆ ದಿಟ್ಟಿಸಿದ್ರೆ ಆ ಫ್ಯಾನು ಹೆದರಿ ಬೀಳ್ತದೆ."

ಹೀಗಿರುವಾಗ ಒಂದು ಫೋನ್.

"ಅಂಕಲ್, ಫೇಸ್‌ಬುಕ್‌ಲ ಎಳುದುರ ದಿನಕರ್ ಅಂಕಲ್ ತಾನೆ? ನಾನ್ ಸುಮಾ. ಮೈಲಾಪೂರ್ ವಾಸುದೇವ ರಾವ್ ಡಾಟರ್."

ಫೇಸ್‌ಬುಕ್ಕಿನಲ್ಲಿ ಬರೆಯುವ ದಿನಕರ್ ನೀವೇ ತಾನೆ ಎಂದು ಕೇಳಿದವಳು ವಾಸಣ್ಣನ ಮಗಳು. ಇಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾಳೆ. ವಾಸಣ್ಣ ಮತ್ತು ಅವನ ತಮ್ಮ ರಮೇಶ ಸೇರಿ ಮೈಲಾಪೂರಿನಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದರು. ನಮ್ಮ ಊರಿನ ಕಡೆಯವರೇ. ಬೀಚಿನ ಆಟದಂಗಡಿ ಮುಚ್ಚಿದಾಗ ಅಲ್ಲಿನ ಒಂದು ಯಂತ್ರ ತಂದು ಹೋಟೆಲಿನ ಮಹಡಿಯಲ್ಲಿಟ್ಟಿದ್ದರು. ಇಬ್ಬರು ಆಡುವ ಯಂತ್ರ.

ವಿಷಯ ಇಷ್ಟು. ವಾಸಣ್ಣನಿಗೆ ಎದೆಯ ತೊಂದರೆ. ಹೋಟೆಲನ್ನು ತಿಂಗಳ ಕೊನೆಗೆ ಬೇರೆಯವರಿಗೆ ಬಿಟ್ಟುಕೊಡುತ್ತಾರೆ, ಮಹಡಿ ಮನೆ ಮಾತ್ರ ಇವರದು. ಯಂತ್ರವನ್ನು ಗುಜರಿಗೆ ಹಾಕೋಣವೆಂದರೆ ಅಪ್ಪ ಬಿಡುತ್ತಿಲ್ಲ.

"ಅಪ್ಪಾಕ್ಕು ನೀಂಗ ತಾನ್ ವೇಣುಂ, ಅಂಕಲ್." ಅಪ್ಪನಿಗೆ ನಾನೇ ಬೇಕಂತೆ, ಏನೋ ಕೇಳಬೇಕಂತೆ. "ಟ್ವೆಲ್ವ್ ಇಯರ್ಸಾ ಅದೇ ಕ್ವೆಶ್ಚನ್."

ಚೀಲ ಹಿಡಿದು ಹೊರಟೆ. ಹೆಂಡತಿ ಏನೂ ಕೇಳಲಿಲ್ಲ, ಫ್ಯಾನು ಬದುಕಿತು ಎಂದಷ್ಟೇ ಹೇಳಿದಳು.

ಮಹಡಿಯಲ್ಲಿ ವಾಸಣ್ಣ ಕುರ್ಚಿಯಲ್ಲಿ ಕೂತಿದ್ದ. ಎತ್ತರದ ಮನುಷ್ಯ ಕುಗ್ಗಿಹೋಗಿದ್ದ. ಯಂತ್ರದ ಮೇಲೆ ಹಳೆಯ ಮೇಜಿನ ಬಟ್ಟೆ.

"ಬಾ ದಿನಕರ. ಕೂತ್ಕೋ. ಒಂದೇ ಮಾತು ಕೇಳ್ತೇನೆ, ಸುಳ್ಳು ಹೇಳ್ಬೇಡ. ಆವತ್ತು ರಮೇಶ ನಿಂಗೆ ಎಂತ ಕೊಟ್ಟಿದ್ದ?"

"ಎಂತ ಕೊಡುದು? ರಿಪೇರಿ ಮುಗಿದ ಮೇಲೆ ಒಂದು ಮಸಾಲೆ ದೋಸೆ, ಒಂದು ಕಾಫಿ."

"ಅಷ್ಟಕ್ಕೇ ಮಾಡಿದ್ಯಾ?"

"ಎಂತದನ್ನು?"

ಆಮೇಲೆ ಅವನು ಹೇಳಿದ. ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರು ಗಂಟೆಗೆ, ಅಣ್ಣ ತಮ್ಮ ದಿನಾ ಒಂದು ಆಟ ಆಡುತ್ತಿದ್ದರು. ಸೋತವನು ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಟೆಲಿನ ಬಾಗಿಲು ತೆಗೆದು ಒಲೆ ಹಚ್ಚಿಸಬೇಕು, ಗೆದ್ದವನು ಏಳರವರೆಗೆ ಮಲಗಬಹುದು. ವರ್ಷಗಟ್ಟಲೆ ಗೆಲುವು ಸೋಲು ಸಮ ಸಮ. ಒಂದು ದಿನ ಯಂತ್ರದ ಒಂದು ಚಕ್ರ ಸಿಕ್ಕಿಹಾಕಿಕೊಂಡಿತು. ರಮೇಶ ನನ್ನನ್ನು ಕರೆಸಿದ. ನಾನು ಬಂದು ಸರಿ ಮಾಡಿಹೋದೆ. ಮರುದಿನದಿಂದ ರಮೇಶ ಸೋಲಲೇ ಇಲ್ಲ.

"ನಲವತ್ತು ದಿನ," ಎಂದ ವಾಸಣ್ಣ. "ನಲವತ್ತು ದಿನ ನಾನೇ ನಾಲ್ಕಕ್ಕೆ ಎದ್ದೆ. ಈ ಮೊಣಕಾಲು ಇಟ್ಕೊಂಡು. ಕಡೆಗೆ ಒಂದಿನ ಹೇಳಿಯೇ ಬಿಟ್ಟೆ. ನೀನು ಮೆಕ್ಯಾನಿಕ್ಕಿಗೆ ಹೇಳಿ ಮಾಡಿಸಿದ್ದಿ ಅಂತ. ಕಳ್ಳ ಅಂತಲೂ ಹೇಳಿದೆ."

ಮಾರನೆಯ ವಾರವೇ ರಮೇಶ ಪಾಲು ತೆಗೆದುಕೊಂಡು ವೆಸ್ಟ್ ಮಾಂಬಲಂನಲ್ಲಿ ಬೇರೆ ಹೋಟೆಲ್ ಹಾಕಿದ. ಕಳ್ಳ ಎಂದವನ ಮೆಟ್ಟಿಲು ಹತ್ತುವುದಿಲ್ಲ ಎಂದ. ಸುಮಾಳ ಮದುವೆಗೆ ಬಂದವನು ಅಕ್ಷತೆ ಹಾಕಿ, ಊಟ ಮಾಡದೆ ಹೋದ. ಹೋಟೆಲಿನವನು ಊಟ ಮಾಡದೆ ಹೋಗುವುದೆಂದರೆ ಏನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ನಿಮ್ಗೆ ತಲೆ ಸಮ ಉಂಟಾ ವಾಸಣ್ಣ?" ನನಗೆ ಸಿಟ್ಟು ನೆತ್ತಿಗೇರಿತು. "ನಾನು ಯಂತ್ರಕ್ಕೆ ಮೋಸ ಕಲಿಸುವ ಜಾತಿಯವನಾ? ಯಾರೂ ಎಂತದೂ ಹೇಳ್ಲಿಲ್ಲ ನಂಗೆ."

"ಹಾಗಾದ್ರೆ ತೋರಿಸು. ಅದು ಸರಿ ಉಂಟು ಅಂತ ನನ್ನ ಕಣ್ಣೆದುರು ತೋರಿಸು. ತೋರಿಸಿದ್ರೆ ನಾನು ಅವನ ಕಾಲು ಹಿಡೀತೇನೆ. ನಂಗೆ ಇನ್ನು ಬಹಳ ದಿನ ಇಲ್ಲ ಮಾರಾಯ."

ಬಟ್ಟೆ ಸರಿಸಿದೆ. ಈ ಯಂತ್ರಗಳಲ್ಲಿ ಚಕ್ರ ನಿಂತಲ್ಲೇ ನಿಲ್ಲುತ್ತದೆ, ಕರೆಂಟು ಇಲ್ಲದಿದ್ದರೂ. ಅವರ ಕೊನೆಯ ಆಟ ಹಾಗೇ ಕೂತಿತ್ತು. ಮೊದಲನೆಯವನಿಗೆ 2,340. ಎರಡನೆಯವನಿಗೆ 4,110.

ಮೂರು ಗಂಟೆ ಹಿಡಿಯಿತು. ಧೂಳು, ಜಿರಳೆ, ಹಸಿರು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಒರೆಸಿದೆ. ಕರೆಂಟು ಕೊಟ್ಟೆ. ಸ್ಟಾರ್ಟ್ ಒತ್ತಿದೆ, ಚಕ್ರಗಳೆಲ್ಲ ಟಕಟಕನೆ ಸೊನ್ನೆಗೆ ಬಂದವು. ಒಂದು ಆಟ ಆಡಿದೆ. ಎಲ್ಲವೂ ಸರಿ. ಕೆಳಗೆ ಸಂಜೆಯ ಹಿಟ್ಟಿಗೆ ಗ್ರೈಂಡರ್ ತಿರುಗುತ್ತಿತ್ತು. ವಾಸಣ್ಣ ಒಳಗೆ ಮಾತ್ರೆ ನುಂಗಲು ಹೋಗಿದ್ದ. ಬಾಯಿ ತೆರೆದು, "ಸರಿ ಉಂಟು ವಾಸಣ್ಣ" ಎಂದು ಕೂಗಬೇಕು, ಆಗ ಗ್ರೈಂಡರ್ ನಿಂತಿತು.

ಕೂಗದೆ ಮತ್ತೆ ಯಂತ್ರದ ಕಡೆ ತಿರುಗಿದೆ. ಹನ್ನೆರಡು ವರ್ಷದ ಹಿಂದೆಯೂ ಇದೇ ಗ್ರೈಂಡರ್ ತಿರುಗುತ್ತಿತ್ತು. ಬೆಸೆಂಟ್ ನಗರದಲ್ಲಿ ಇನ್ನೊಂದು ಕೆಲಸ ಕಾಯುತ್ತಿತ್ತು, ನನಗೆ ಅವಸರ. ಆವತ್ತೂ ನಾನು ಸ್ಟಾರ್ಟ್ ಒಂದೇ ಸಲ ಒತ್ತಿ ಒಂದು ಆಟ ಆಡಿ, ಸರಿ ಉಂಟು ಎಂದು ಹೊರಟಿದ್ದೆ.

ಗಮನಿಸಿ. ಇಬ್ಬರ ಯಂತ್ರದಲ್ಲಿ ಸ್ಟಾರ್ಟ್ ಎರಡು ಸಲ ಒತ್ತಿದರೆ ಮಾತ್ರ ಎರಡನೆಯ ಆಟಗಾರ ಇದ್ದಾನೆಂದು ಅದಕ್ಕೆ ಗೊತ್ತಾಗುವುದು. ಮೆಕ್ಯಾನಿಕ್ ಯಾವಾಗಲೂ ಒಬ್ಬನೇ. ಒಬ್ಬನೇ ಬರುತ್ತಾನೆ, ಒಬ್ಬನೇ ಆಡಿ ನೋಡುತ್ತಾನೆ. ನಾನು ಆವತ್ತು ಬಿಚ್ಚಿ ಜೋಡಿಸಿದ್ದು ಎರಡನೆಯ ಆಟಗಾರನ ಚಕ್ರ. ಆಡಿ ನೋಡಿದ್ದು ಮೊದಲನೆಯವನಾಗಿ.

ಈ ಸಲ ಸ್ಟಾರ್ಟ್ ಎರಡು ಬಾರಿ ಒತ್ತಿದೆ. ಮೊದಲನೆಯವನ ಗುಂಡನ್ನು ಸುಮ್ಮನೆ ಬೀಳಲು ಬಿಟ್ಟೆ. ಎರಡನೆಯವನ ಸರದಿ ಬಂದಾಗ ಹಲಗೆಯ ಮೇಲಿನ ಹತ್ತು ಅಂಕದ ಸ್ವಿಚ್ಚನ್ನು ಬೆರಳಿಂದ ಒಂದೊಂದೇ ಒತ್ತುತ್ತ ಹೋದೆ, ಕಣ್ಣು ಮುಚ್ಚಿ. ಟಿಂಗ್, ಟಿಂಗ್. ಹತ್ತರ ಚಕ್ರ ಒಂಬತ್ತು ದಾಟಿ ಸೊನ್ನೆಗೆ ಹೋಗುವಾಗ ಒಂದು ಸಲ ನೂರರ ಗಂಟೆ ಬಾರಿಸಬೇಕು. ಇದು ಎಂಟು ದಾಟುವಾಗಲೇ ಢಣ್ ಎಂದಿತು. ಒಂಬತ್ತಕ್ಕೆ ಮತ್ತೆ ಢಣ್. ನೂರು ಸಿಗಬೇಕಾದಲ್ಲಿ ಇನ್ನೂರು. ಚಕ್ರದ ಹಿಂದಿನ ತಾಮ್ರದ ಎಲೆಯನ್ನು, ಅಂದರೆ ನೂರಕ್ಕೆ ಕರೆಂಟು ಮುಟ್ಟಿಸುವ ತೆಳು ಪಟ್ಟಿಯನ್ನು, ನಾನು ಆವತ್ತು ಒಂದು ಕೂದಲಿನಷ್ಟು ಹತ್ತಿರ ಬಗ್ಗಿಸಿಬಿಟ್ಟಿದ್ದೆ.

ಎರಡನೆಯವನಿಗೆ ಬಿಟ್ಟಿ ಅಂಕ. ಎರಡನೆಯವನು ಯಾವಾಗಲೂ ರಮೇಶನೇ. ಆ ಮನೆಯಲ್ಲಿ ಸ್ನಾನ, ಊಟ, ಪೂಜೆ, ಯಾವುದಕ್ಕೂ ಅಣ್ಣ ಮೊದಲು, ತಮ್ಮ ಆಮೇಲೆ. ಆಟಕ್ಕೂ.

ನಿಜ ಹೇಳುತ್ತೇನೆ. ಎಲೆ ತಿದ್ದುವ ಕೊಕ್ಕೆ ಕೈಯಲ್ಲೇ ಇತ್ತು. ಐದು ನಿಮಿಷದ ಕೆಲಸ. ತಿದ್ದಿ, ವಾಸಣ್ಣನನ್ನು ಕರೆದು, ನೋಡಿ ಎಲ್ಲ ಸರಿ ಉಂಟು, ರಮೇಶ ಚೆನ್ನಾಗಿ ಆಡುತ್ತಿದ್ದ ಅಷ್ಟೇ ಎಂದರೆ ಅವನು ತಮ್ಮನ ಕಾಲು ಹಿಡಿಯುತ್ತಿದ್ದ. ಮುಗಿಯಿತಲ್ಲ. ನನ್ನ ಹೆಸರೂ ಉಳಿಯಿತು. ಎದ್ದೆ, ಕಿಟಕಿಗೆ ಹೋದೆ, ಬಂದೆ, ಮತ್ತೆ ಹೋದೆ. ಸಾಯುವ ಮುಂಚೆ ಒಬ್ಬ ಮುದುಕ ಮಾಡದ ತಪ್ಪಿಗೆ ಕಾಲು ಹಿಡಿಯಬೇಕು, ನಾನು ನೋಡುತ್ತ ಕಾಫಿ ಕುಡಿಯಬೇಕು. ಅವನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ, ಆಟ ನಿಜವಾಗಿಯೂ ಕೆಟ್ಟಿತ್ತು. ಕೊಕ್ಕೆಯನ್ನು ಚೀಲಕ್ಕೆ ಹಾಕುವಾಗ ಮಾಸ್ಟರ್ ಕೊಟ್ಟ ಗುಂಡು ಕೈಗೆ ತಾಗಿತು. ಹೊರಗೆ ತೆಗೆದು ಗಾಜಿನ ಮೇಲಿಟ್ಟೆ. ರಮೇಶನಿಗೆ ಫೋನ್ ಮಾಡಿದೆ.

"ಯಂತ್ರದ ತಪ್ಪು ಸಿಕ್ಕಿದೆ. ಬಂದು ನೋಡಿ."

"ನಾನು ಆ ಮೆಟ್ಟಿಲು ಹತ್ತೂದಿಲ್ಲ ದಿನಕರಣ್ಣ."

"ಹತ್ತಬೇಡಿ. ಕೆಳಗೆ ನಿಂತುಕೊಳ್ಳಿ, ನಾನೇ ಯಂತ್ರ ಹೊತ್ತು ತರ್ತೇನೆ. ಬೆನ್ನು ಮುರಿದ್ರೆ ನೀವೇ ಆಸ್ಪತ್ರೆಗೆ ಹಾಕಿ."

ಆಟೋದಲ್ಲಿ ಬಂದ. ಮೆಟ್ಟಿಲೂ ಹತ್ತಿದ. ಹತ್ತಿ ಗೋಡೆ ನೋಡುತ್ತ ನಿಂತ. ವಾಸಣ್ಣ ಇನ್ನೊಂದು ಗೋಡೆ ನೋಡಿದ.

"ಸುಮಾ, ಅವನಿಗೆ ಕುರ್ಚಿ ಕೊಡು," ಎಂದ ವಾಸಣ್ಣ.

"ಸುಮಾ, ನಂಗೆ ಬೇಡ ಅಂತ ಹೇಳು."

"ಐಯೋ, ರೆಂಡು ಪೇರುಂ ಒರೇ ರೂಮ್ಲ ದಾನೆ ಇರುಕ್ಕೀಂಗ!" ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದೀರಲ್ಲ ಎಂದು ಸುಮಾ ತಲೆ ಚಚ್ಚಿಕೊಂಡಳು.

ನಾನು ಹೇಳಿದೆ. ಎಲೆ, ಎಂಟು, ಒಂಬತ್ತು, ಗ್ರೈಂಡರ್, ಅವಸರ. "ಯಾರೂ ಹೇಳಿ ಮಾಡಿಸಿದ್ದಲ್ಲ. ನಾನು ಕೇಳಿಸ್ಕೊಳ್ಳದೆ ಮಾಡಿದ್ದು. ಕಳ್ಳ ಅಂತ ಹೇಳುದಿದ್ರೆ ನಂಗೆ ಹೇಳಿ."

ವಾಸಣ್ಣ ನನ್ನನ್ನು ನೋಡಿದ. "ಈಗ ಅವನನ್ನು ಉಳಿಸ್ಲಿಕ್ಕೆ ಹೇಳ್ತಿದ್ದಿ."

"ಹಾಗಾದ್ರೆ ಆಡಿ ನೋಡಿ. ನಾನು ಇನ್ನೂ ತಿದ್ದಲಿಲ್ಲ. ಇವತ್ತು ರಮೇಶ ಮೊದಲು ಹೊಡೀಲಿ. ನೀವು ಎರಡನೆಯವರಾಗಿ."

ರಮೇಶ ಬೆಚ್ಚಿದವನ ಹಾಗೆ ತಿರುಗಿದ. "ನಾನು ಮೊದಲಾ? ಅದೆಲ್ಲ ಆಗ್ಲಿಕ್ಕಿಲ್ಲ. ಅಣ್ಣ ಇರುವಾಗ."

ಹನ್ನೆರಡು ವರ್ಷ ಮಾತಿಲ್ಲ, ಮೆಟ್ಟಿಲಿಲ್ಲ, ಊಟವಿಲ್ಲ. ಆದರೂ ಅಣ್ಣನಿಗಿಂತ ಮೊದಲು ಗುಂಡು ಹೊಡೆಯಲು ಅವನಿಗೆ ಕೈ ಬರಲಿಲ್ಲ.

"ಹೊಡಿ ಮಾರಾಯ," ಎಂದ ವಾಸಣ್ಣ. ಗೋಡೆಗಲ್ಲ, ಸುಮಾಳಿಗಲ್ಲ. ನೇರ ತಮ್ಮನಿಗೆ. "ನಾನೇ ಹೇಳ್ತಿದ್ದೇನಲ್ಲ. ಹೊಡಿ."

ರಮೇಶ ಚಪ್ಪಲಿ ಬಿಟ್ಟು ಬಂದು ನಿಂತ. ಅವನದು ಚುರುಕು ಕೈ, ಈಗಲೂ. ವಾಸಣ್ಣ ಒಂದು ಕೈ ಯಂತ್ರಕ್ಕೆ ಊರಿ, ಇನ್ನೊಂದು ಕೈಯಲ್ಲಿ ಫ್ಲಿಪ್ಪರಿನ ಗುಂಡಿ ತಡವರಿಸುತ್ತ ಆಡಿದ. ಅರ್ಧ ಗುಂಡುಗಳನ್ನು ನೋಡುವ ಮೊದಲೇ ಕಳೆದುಕೊಂಡ. ಆದರೆ ಗಂಟೆ ಮಾತ್ರ ಅವನ ಸರದಿಯಲ್ಲಿ ಢಣ್ ಢಣ್ ಎಂದು ಬಾರಿಸುತ್ತಲೇ ಇತ್ತು. ಆಟ ಮುಗಿದಾಗ ರಮೇಶನಿಗೆ 2,870. ವಾಸಣ್ಣನಿಗೆ 3,060.

ವಾಸಣ್ಣ ಬಗ್ಗಿ ಆ ಅಂಕಿ ನೋಡಿದ. ಆಮೇಲೆ ಅವನ ಭುಜ ಅಲುಗಾಡತೊಡಗಿತು. ಎದೆನೋವು ಎಂದು ಸುಮಾ ಓಡಿಬಂದಳು. ನಗುತ್ತಿದ್ದ.

"ಇಷ್ಟು ಹಾಳು ಆಡಿ ಗೆಲ್ಲುದಾ! ನಿಂಗೆ ಗೊತ್ತಾಗ್ಲೇ ಇಲ್ವಾ ರಮೇಶ, ನಲವತ್ತು ದಿನ?"

ರಮೇಶ ತಲೆ ತಗ್ಗಿಸಿದ. "ಹತ್ತು ದಿನಕ್ಕೇ ಅನುಮಾನ ಬಂತು ಅಣ್ಣ. ಎಂತದೋ ಸರಿ ಇಲ್ಲ ಅಂತ."

"ಮತ್ತೆ ಹೇಳ್ಬಾರ್ದಾ?"

"ಏಳು ಗಂಟೆವರೆಗೆ ನಿದ್ದೆ ಬರ್ತಿತ್ತಲ್ಲ."

ಸುಮಾ ನಗಬೇಕೋ ಬೈಯಬೇಕೋ ತಿಳಿಯದೆ ನನ್ನ ಮುಖ ನೋಡಿದಳು. ವಾಸಣ್ಣ ಕುರ್ಚಿಗೆ ಕುಸಿದ. "ಕಳ್ಳ," ಎಂದ. "ಆದ್ರೆ ನಾನು ಹೇಳಿದ ಕಳ್ಳ ನೀನಲ್ಲ. ಆ ಮಾತು ನಾನು ಹಿಂದೆ ತಗೊಳ್ತೇನೆ. ಇದು ಬೇರೆ ಕಳ್ಳ." ಸುಮಾಳ ಕಡೆ ತಿರುಗಿ, "ಚಿಕ್ಕಪ್ಪನಿಗೆ ಊಟಕ್ಕೆ ಹಾಕು," ಎಂದ. ರಮೇಶ ಈ ಸಲ ಬೇಡ ಎನ್ನಲಿಲ್ಲ.

ನಾನು ಕೊಕ್ಕೆ ತೆಗೆದೆ. "ಐದು ನಿಮಿಷ ವಾಸಣ್ಣ. ಇದನ್ನು ತಿದ್ದಿ ಹೋಗ್ತೇನೆ."

"ಮುಟ್ಟಬೇಡ."

"ಎಂತಕ್ಕೆ?"

"ನಲವತ್ತು ದಿನ ಅವನು ಎರಡನೆಯವನಾಗಿ ತಿಂದಿದ್ದಾನೆ. ಇನ್ನು ನಲವತ್ತು ದಿನ ನಾನು ಎರಡನೆಯವನು. ದಿನಾ ಮೂರು ಗಂಟೆಗೆ ಬರ್ಬೇಕು ಇವನು, ವೆಸ್ಟ್ ಮಾಂಬಲಂನಿಂದ. ಸೋತವನು ಕಾಫಿ ಮಾಡುದು. ಆಮೇಲೆ ಕರೀತೇನೆ, ಬಂದು ಸರಿ ಮಾಡು."

ಮೂವತ್ತೈದು ವರ್ಷದಲ್ಲಿ ಕೆಟ್ಟಿದೆ ಎಂದು ಗೊತ್ತಿದ್ದೂ ನಾನು ಹಾಗೇ ಬಿಟ್ಟುಬಂದ ಯಂತ್ರ ಅದೊಂದೇ. ನಿಮಗೆ ಹೇಳಬೇಕಾದ್ದು ಇಷ್ಟೇ: ಸ್ಟಾರ್ಟ್ ಎರಡು ಸಲ ಒತ್ತಿ. ಎರಡನೆಯವನಾಗಿಯೂ ಆಡಿ ನೋಡಿ. ಗ್ರೈಂಡರ್ ನಿಲ್ಲುವವರೆಗೆ ಕಾಯಿರಿ.

ಇವತ್ತಿಗೆ ಐವತ್ತಮೂರನೆಯ ದಿನ. ನಲವತ್ತೊಂದನೆಯ ದಿನ ನಾನೇ ಫೋನ್ ಮಾಡಿದ್ದೆ. ರಮೇಶ ಎತ್ತಿದ. ಹಿಂದಿನಿಂದ ಢಣ್ ಢಣ್ ಎಂದು ಕೇಳುತ್ತಿತ್ತು, ಎಂಟಕ್ಕೊಂದು, ಒಂಬತ್ತಕ್ಕೊಂದು. "ಈಗಲೇ ಬೇಡಂತೆ ದಿನಕರಣ್ಣ," ಎಂದ. "ನಾನು ಕಾಫಿಗೆ ನೀರು ಇಟ್ಟಿದ್ದೇನೆ." ಕೊಕ್ಕೆ ನನ್ನ ಅಂಗಿಯ ಜೇಬಿನಲ್ಲೇ ಇದೆ. ಮೂರು ಗಂಟೆಯಾದರೆ ಬೆರಳು ತುರಿಸುತ್ತದೆ. ಎದ್ದು ಕಿಟಕಿಗೆ ಹೋಗುತ್ತೇನೆ, ಬರುತ್ತೇನೆ. ಫೋನ್ ಇನ್ನೂ ಬಂದಿಲ್ಲ.